ನಡುವೆ ನಿಂತ ಎ

ಆ ಊರಿನಲ್ಲಿ ಒಲೆ ಇರಲಿಲ್ಲ. ದೀಪಕ್ಕೆ ಬೆಂಕಿಯಿತ್ತು, ಚಳಿ ಕಾಯಿಸುವುದಕ್ಕೆ ಬೆಂಕಿಯಿತ್ತು, ಹೆಣ ಸುಡುವುದಕ್ಕೂ ಬೆಂಕಿಯಿತ್ತು. ಆದರೆ ಅನ್ನಕ್ಕೂ ಬೆಂಕಿಗೂ ಏನು ಸಂಬಂಧ ಎಂದು ಕೇಳಿದರೆ ಊರಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಲ್ಲಿ ಅನ್ನ ಬರುತ್ತಿದ್ದದ್ದು ಅಕ್ಷರಗಳಿಂದ. ಆ ಅಕ್ಷರಗಳೂ ಊರಿನವಲ್ಲ, ಇಂಗ್ಲಿಷಿನವು. ಯಾವುದೋ ಕಾಲದಲ್ಲಿ ದಾರಿ ತಪ್ಪಿದ ಎತ್ತಿನ ಗಾಡಿಯೊಂದು ಊರೊಳಗೆ ಬಂದು, ಚಕ್ರ ಕಲ್ಲಿಗೆ ಬಡಿದು, ಅದರಲ್ಲಿದ್ದ ಪೆಟ್ಟಿಗೆಯಿಂದ ಮೂರು ಕಬ್ಬಿಣದ ಅಕ್ಷರಗಳು ಉದುರಿ ಬಿದ್ದವಂತೆ. ಇ, ಎ, ಟಿ. ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟು ಇದ್ದವು ಎಂದು ಕೆಲವರು ಹೇಳುತ್ತಿದ್ದರು. ಬಿದ್ದ ಮೂರೇ ಹೊಟ್ಟೆಗೆ ಸಾಕಾದ್ದರಿಂದ ಯಾರೂ ಗಾಡಿಯ ಹಿಂದೆ ಓಡಲಿಲ್ಲ.

ಊರ ನಡುವೆ ಒಂದು ಕಲ್ಲಿನ ಕಟ್ಟೆ. ಮಧ್ಯಾಹ್ನವಾದರೆ ಜನ ಕಟ್ಟೆಯ ಮುಂದೆ ಎಲೆ ಹಾಸಿಕೊಂಡು ಸಾಲಾಗಿ ಕೂರುತ್ತಿದ್ದರು. ಅಕ್ಷರ ಹೊರುವ ಮೂವರು ತಲೆಯ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ತಮ್ಮ ತಮ್ಮ ಅಕ್ಷರ ನಿಲ್ಲಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದು ಕಟ್ಟೆ ಹತ್ತುತ್ತಿದ್ದರು. ಮೊದಲು ಇ, ಆಮೇಲೆ ಎ, ಆಮೇಲೆ ಟಿ. ಮೂವರೂ ಕೈ ಕೈ ಹಿಡಿದುಕೊಂಡ ಕೂಡಲೇ ಜನ ತಲೆಯೆತ್ತಿ ಒಟ್ಟಿಗೆ ಓದುತ್ತಿದ್ದರು: ಈಟ್. ಓದಿ ಬಾಯಿ ಮುಚ್ಚುವಷ್ಟರಲ್ಲಿ ಎಲೆಯ ಮೇಲೆ ಅನ್ನ, ಸಾರು, ಪಲ್ಯ, ತುದಿಯಲ್ಲಿ ಉಪ್ಪಿನಕಾಯಿ. ಸಂಜೆ ಅದೇ ಮೂವರು ಜಾಗ ಬದಲಿಸಿ ನಿಲ್ಲುತ್ತಿದ್ದರು. ಮೊದಲು ಟಿ, ಆಮೇಲೆ ಇ, ಕೊನೆಗೆ ಎ. ಜನ ಓದುತ್ತಿದ್ದರು: ಟೀ. ಅವರ ಕೈಯ ಖಾಲಿ ಲೋಟಗಳು ಬಿಸಿಯಾಗುತ್ತಿದ್ದವು. ಈ ಪದಗಳ ಅರ್ಥವೇನೆಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಆ ಊರಿನಲ್ಲಿ ಆದದ್ದೇ ಅರ್ಥ.

ಮೂರನೆಯ ಪದವೂ ಒಂದಿತ್ತು. ಎ ಮೊದಲು, ಟಿ ನಡುವೆ, ಇ ಕೊನೆಗೆ: ಏಟ್. ಅಜ್ಜಂದಿರ ಕಾಲದಲ್ಲಿ ಯಾರೋ ತಪ್ಪಿ ಹಾಗೆ ನಿಂತುಬಿಟ್ಟಿದ್ದರಂತೆ. ಒಂದು ತುತ್ತೂ ತಿನ್ನದೆ ಎಲ್ಲರ ಹೊಟ್ಟೆ ತುಂಬಿತಂತೆ, ಎಲೆಗಳು ತಾವಾಗಿ ಎಂಜಲಾದವಂತೆ, ಏನು ತಿಂದೆವೆಂದು ಯಾರ ನಾಲಗೆಗೂ ಗೊತ್ತಿರಲಿಲ್ಲವಂತೆ. ಊರಿಗೆ ಏಟು ಬಿದ್ದದ್ದು ಹಾಗೆ ಎಂದು ಹಿರಿಯರು ಹೇಳುತ್ತಿದ್ದರು. ಆಮೇಲೇನಾಯಿತು ಎಂದು ಕೇಳುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತಿತ್ತು. ಉಳಿದಂತೆ ಹೇಗೆ ನಿಂತರೂ ಅರ್ಥವಿಲ್ಲ. ಅರ್ಥವಿಲ್ಲದ್ದನ್ನು ಓದಿದರೆ ಊರಿಗೆಲ್ಲ ಸೀನು ಬರುತ್ತಿತ್ತು, ಅಷ್ಟೇ. ಕಟ್ಟೆಯ ಹಿಂದೆ ಕೂತವರಿಗೆ ಪದ ತಿರುಗಿ ಕಾಣುತ್ತಿದ್ದರಿಂದ ಅವರಿಗೂ ಸೀನೇ ಗತಿ. ಹಾಗಾಗಿ ಎಲ್ಲರೂ ಮುಂದೆಯೇ ಕೂರುತ್ತಿದ್ದರು.

ಇ ಹೊರುತ್ತಿದ್ದವಳು ಅತ್ತಿಗೆ. ಟಿ ಹೊರುತ್ತಿದ್ದವನು ಅವಳ ಗಂಡ. ಎ ಹೊರುತ್ತಿದ್ದವಳು ಅವನ ತಂಗಿ, ಅಂದರೆ ಆ ಮನೆಯ ನಾದಿನಿ. ಅಣ್ಣ-ತಂಗಿಗೆ ಎ ಮತ್ತು ಟಿ ಅಪ್ಪನ ಕಡೆಯಿಂದ ಬಂದಿದ್ದವು. ಹೊರುವ ಮನೆಯವರ ತಲೆಯ ಮೇಲಲ್ಲದೆ ಬೇರೆಲ್ಲೂ ಆ ಅಕ್ಷರಗಳು ನಿಲ್ಲುತ್ತಿರಲಿಲ್ಲ. ಇ ಇದ್ದ ಮನೆಯಿಂದ ಹೆಣ್ಣು ತಂದರೆ ಮೂರೂ ಒಂದೇ ಸೂರಿನಡಿ ಇರುತ್ತವೆ ಎಂದು ಊರಿನವರೇ ಕೂತು ಮಾತಾಡಿ ಅತ್ತಿಗೆಯನ್ನು ತಂದರು. ಮದುವೆಯ ದಿನ ಮದುಮಕ್ಕಳು ಕೈ ಹಿಡಿದುಕೊಂಡಾಗ ಊರಿಗೆ ಬಾಯಲ್ಲಿ ನೀರೂರಿದ್ದು ಅವರ ಮೇಲಿನ ಪ್ರೀತಿಯಿಂದಲ್ಲ.

ನಾದಿನಿಗೆ ಈಗ ನಲವತ್ತರ ಆಸುಪಾಸು. ಅವಳಿಗೆ ಗಂಡು ನೋಡುವ ಮಾತು ಬಂದಾಗಲೆಲ್ಲ ಊರಿನವರು ಕೆಮ್ಮುತ್ತಿದ್ದರು. ನಡುವಿನವಳು ಬೇರೆ ಊರಿಗೆ ಹೋದರೆ ಊಟದ ಗತಿಯೇನು? ಹಾಗೆ ಮಾತು ಕೆಮ್ಮಿನಲ್ಲೇ ಮುಗಿದು ಮುಗಿದು ಅವಳ ತಲೆಯಲ್ಲಿ, ಸಿಂಬಿಯ ಅಂಚಿನಲ್ಲಿ, ಬಿಳಿಕೂದಲು ಇಣುಕಿದವು. ಊಟದ ಹೊತ್ತಿಗೆ ಅವಳ ಎರಡೂ ಕೈಗೆ ಕೆಲಸ. ಬಲಗೈ ಅತ್ತಿಗೆಯ ಕೈಯಲ್ಲಿ, ಎಡಗೈ ಅಣ್ಣನ ಕೈಯಲ್ಲಿ. ಮೂಗು ತುರಿಸಿದರೆ ಊರು ಊಟ ಮುಗಿಸುವವರೆಗೂ ಕಾಯಬೇಕು. ಅವಳಿಗೆ ಇಷ್ಟವಾದದ್ದು ಟೀ ಹೊತ್ತು. ಆಗ ಅವಳು ಕೊನೆಯವಳು. ಒಂದು ಕೈ ಅತ್ತಿಗೆಯ ಹತ್ತಿರ, ಇನ್ನೊಂದು ಕೈ ಸಂಪೂರ್ಣ ಅವಳದೇ.

ಆ ಕೈಯನ್ನು ಅವಳು ಸುಮ್ಮನೆ ಇಟ್ಟುಕೊಂಡಿರಲಿಲ್ಲ. ಕಟ್ಟೆಯ ಎದುರು, ಜನರ ಸಾಲಿನ ಆಚೆ, ಕೊಡೆ ರಿಪೇರಿ ಮಾಡುವವನ ಜಗಲಿ ಇತ್ತು. ಅವನೂ ಒಂಟಿ. ಕೊಡೆಯ ಬಟ್ಟೆಗೆ ರಾಗಿ ಹಿಟ್ಟಿನ ಅಂಟು ಬಳಿಯುತ್ತ, ಕಡ್ಡಿ ಬಗ್ಗಿಸುತ್ತ ಅಲ್ಲೇ ಕೂತಿರುತ್ತಿದ್ದ. ಊರೆಲ್ಲ ಲೋಟ ಊದುತ್ತಿರುವಾಗ ಅವಳು ಬೆರಳುಗಳನ್ನು ಸ್ವಲ್ಪ ಆಡಿಸುತ್ತಿದ್ದಳು. ಅವನು ಕೈಯಲ್ಲಿದ್ದ ಕೊಡೆಯನ್ನು ಅರ್ಧ ಬಿಚ್ಚಿ ಮುಚ್ಚುತ್ತಿದ್ದ. ಎಷ್ಟೋ ವರ್ಷಗಳಿಂದ ಅವರಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ. ಇಷ್ಟಕ್ಕೇ ಅವಳಿಗೆ ಮಾರನೆಯ ದಿನದ ಊಟದ ಹೊತ್ತನ್ನು ದಾಟುವ ಶಕ್ತಿ ಬರುತ್ತಿತ್ತು.

ಜಗಳ ಹುಟ್ಟಿದ್ದೂ ಟೀಯಿಂದಲೇ. ಒಂದು ಸಂಜೆ ಊರ ಯಜಮಾನರು ಲೋಟ ಖಾಲಿ ಮಾಡಿ, ಇವತ್ತಿನ ಟೀಗೆ ಏನೋ ಗತ್ತಿದೆ ಎಂದು ಹೊಗಳಿದರು. ಅಣ್ಣ ಉಬ್ಬಿಹೋದ. ಟೀ ಅಂದರೇನು, ಟಿ ಅಂದರೇನು, ಎರಡೂ ಒಂದೇ ಅಲ್ಲವೇ, ನಾನೊಬ್ಬ ನಿಂತರೂ ಸಾಕು, ಹಿಂದಿನ ಎರಡು ಬಾಲಗಳು ಶೋಭೆಗೆ ಅಂದುಬಿಟ್ಟ. ಅತ್ತಿಗೆ ಕೇಳಿಸಿಕೊಂಡಳು. ಹಾಗಾದರೆ ನಾಳೆ ನೀವೊಬ್ಬರೇ ನಿಲ್ಲಿ, ನನಗೂ ಮೊಣಕಾಲು ನೋವು ಎಂದಳು.

ಮಾರನೆಯ ಸಂಜೆ ಅಣ್ಣ ಒಬ್ಬನೇ ಕಟ್ಟೆ ಹತ್ತಿದ. ಎದೆ ಉಬ್ಬಿಸಿ, ಮೀಸೆ ತೀಡಿ, ಟಿ ಅಕ್ಷರವನ್ನು ಕಿರೀಟದ ಹಾಗೆ ಸರಿಮಾಡಿಕೊಂಡು ನಿಂತ. ಊರು ಲೋಟ ಹಿಡಿದು ಓದಿತು. ಲೋಟದಲ್ಲಿ ಒಂದು ಹನಿಯೂ ಬೀಳಲಿಲ್ಲ. ಮುಂದಿನ ಸಾಲಿನಿಂದ ಒಂದು ಸೀನು ಹೊರಟಿತು, ಅದು ಹಿಂದಿನ ಸಾಲಿಗೆ ಹತ್ತಿತು, ಕೊನೆಗೆ ಊರಿಗೆ ಊರೇ ಆಕ್ಷೀ ಎಂದು ಅಣ್ಣನ ಮುಖಕ್ಕೆ ಸೀನಿತು. ಆ ಗದ್ದಲದ ನಡುವೆ ಒಂದು ನಗು ಗಟ್ಟಿಯಾಗಿ ಕೇಳಿಸಿತು. ಅತ್ತಿಗೆಯ ನಗು.

ಕಟ್ಟೆಯಿಂದ ಇಳಿದವನೇ ಅಣ್ಣ, ಇನ್ನು ಮೇಲೆ ಅವಳ ಕೈ ಹಿಡಿಯುವುದಿಲ್ಲ ಎಂದ. ನಕ್ಕದ್ದು ತಪ್ಪು ಅಂತ ಅವಳು ಒಪ್ಪಿಕೊಳ್ಳುವವರೆಗೆ ಇಲ್ಲ. ಬಾಲ ಅಂದದ್ದು ತಪ್ಪು ಅಂತ ಅವರು ಒಪ್ಪಿಕೊಳ್ಳುವವರೆಗೆ ನಾನೂ ಇಲ್ಲ ಎಂದಳು ಅತ್ತಿಗೆ.

ಊಟಕ್ಕೇನೂ ತೊಂದರೆಯಾಗಲಿಲ್ಲ. ಊಟದ ಪದದಲ್ಲಿ ಗಂಡ ಹೆಂಡತಿ ಮುಟ್ಟಿಕೊಳ್ಳುವ ಹಾಗಿಲ್ಲ, ನಡುವೆ ನಾದಿನಿ ಇದ್ದಾಳಲ್ಲ. ತೊಂದರೆಯಾದದ್ದು ಟೀಗೆ. ಟೀಯಲ್ಲಿ ಟಿ ಮತ್ತು ಇ ಪಕ್ಕಪಕ್ಕ, ಕೈಗೆ ಕೈ ಸೇರಲೇಬೇಕು. ಹೀಗೆ ಊರಿಗೆ ಟೀ ನಿಂತಿತು.

ಟೀ ಇಲ್ಲದ ಊರನ್ನು ನೋಡಬೇಕಿತ್ತು. ಮೊದಲು ಎಲ್ಲರ ತಲೆ ನೋಯಿತು. ಆಮೇಲೆ ಎಲ್ಲರೂ ಇನ್ನೊಬ್ಬರ ತಲೆ ನೋಯಿಸಿದರು. ಸಂಜೆಯಾದರೆ ಜನ ಖಾಲಿ ಲೋಟ ಹಿಡಿದು ಕಟ್ಟೆಯ ಮುಂದೆ ಬಂದು ಕೂರುವರು, ಏನೂ ಆಗದೆ ಎದ್ದು ಹೋಗುವಾಗ ಪಕ್ಕದವನ ಚಪ್ಪಲಿ ಮೆಟ್ಟಿಕೊಂಡು ಹೋಗುವರು, ಅದಕ್ಕೊಂದು ಜಗಳ. ಯಜಮಾನರು ಪಂಚಾಯಿತಿ ಸೇರಿಸಿದರು. ಗದರಿಸಿದರು, ಕೈಮುಗಿದರು, ಊರಿಗಾಗಿ ಒಂದು ನಿಮಿಷ ಕೈ ಹಿಡಿಯಿರಿ ಅಂದರು. ಅಣ್ಣ ಉತ್ತರಕ್ಕೆ ಮುಖ ತಿರುಗಿಸಿದ, ಅತ್ತಿಗೆ ದಕ್ಷಿಣಕ್ಕೆ.

ಮನೆಯಲ್ಲಿ ಇಬ್ಬರ ಮಾತನ್ನೂ ನಾದಿನಿಯೇ ಹೊತ್ತು ಹಾಕಬೇಕಾಯಿತು.

“ನಿನ್ನ ಅತ್ತಿಗೆಗೆ ಹೇಳು, ಬಚ್ಚಲಲ್ಲಿ ನೀರಿಲ್ಲ ಅಂತ.”

“ನಿಮ್ಮಣ್ಣನಿಗೆ ಹೇಳು, ಬಾವಿ ಇನ್ನೂ ಹಿತ್ತಲಲ್ಲೇ ಇದೆ ಅಂತ.”

ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿರುತ್ತಿದ್ದರು. ಆದರೂ ಅವಳು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಇನ್ನೊಮ್ಮೆ ಹೇಳಬೇಕು. ಹೇಳದಿದ್ದರೆ ಕೇಳಿಸಿಲ್ಲ ಅನ್ನುತ್ತಿದ್ದರು. ಕಟ್ಟೆಯ ಮೇಲೂ ನಡುವೆ, ಮನೆಯಲ್ಲೂ ನಡುವೆ. ಸಂಜೆಯ ಆ ಒಂದು ಕೈಯೂ ಹೋಯಿತು. ಊಟದ ಹೊತ್ತಿಗೆ ಎರಡೂ ಕೈ ಕಟ್ಟಿಹಾಕಿದ್ದರಿಂದ ಅವಳು ಕೊಡೆಯವನ ಕಡೆ ಹುಬ್ಬು ಹಾರಿಸಿ ನೋಡಿದಳು. ಅವನಿಗೆ ಕಣ್ಣು ಸ್ವಲ್ಪ ಮಂಜು. ಬೆರಳು ಕಾಣುತ್ತಿತ್ತು, ಹುಬ್ಬು ಕಾಣಲಿಲ್ಲ. ಅವನು ಕೊಡೆಯನ್ನು ಬಿಚ್ಚಲಿಲ್ಲ. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಇನ್ನು ಕಾಯುತ್ತ ಕೂತರೆ ಆಗದು ಎಂದುಕೊಂಡು ಅವಳು ಮೊದಲು ಒಂದು ಟವೆಲ್ ತಂದಳು. ಅದರ ಒಂದು ತುದಿ ಅಣ್ಣ ಹಿಡಿಯಲಿ, ಇನ್ನೊಂದು ತುದಿ ಅತ್ತಿಗೆ ಹಿಡಿಯಲಿ, ಕೈಗೆ ಕೈ ತಾಗುವುದೇ ಬೇಡ ಎಂದು ಒಪ್ಪಿಸಿದಳು. ಊರು ಓದಿತು. ಲೋಟ ಬಿಸಿಯಾಯಿತು. ಜನ ಸಂತೋಷದಿಂದ ಬಾಯಿಗಿಟ್ಟುಕೊಂಡರು. ಟೀ ಬಂದಿತ್ತು ನಿಜ, ಅದಕ್ಕೆ ಒದ್ದೆ ಟವೆಲ್ಲಿನ ರುಚಿ ಇತ್ತು. ಯಜಮಾನರು ಎರಡು ಗುಟುಕು ಕುಡಿದು, ಮೂರನೆಯದನ್ನು ಬೇಲಿಗೆ ಉಗುಳಿ, ಇದಕ್ಕಿಂತ ತಲೆನೋವೇ ವಾಸಿ ಅಂದರು.

ಆಗ ಅವಳು ಇನ್ನೊಂದು ಉಪಾಯ ಹೂಡಿದಳು. ಕೊಡೆಯವನ ಜಗಲಿಗೆ ಹೋಗಿ, ಅವನ ಮುಖ ನೋಡದೆ, ಮೂರು ಕೊಡೆ ಬೇಕಾಗಿತ್ತು ಎಂದಳು. ಅವನು ಏಕೆಂದು ಕೇಳಲಿಲ್ಲ. ಮೂರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಅವಳು ಎದುರು ಕೂತು ಲೆಕ್ಕ ಹಾಕಿದಳು. ಊಟಕ್ಕೆ ನಿಂತಾಗ ತಾನು ನಡುವಿನಿಂದ ಜಾರಿಕೊಂಡು, ಅಣ್ಣ ಅತ್ತಿಗೆಯರ ಕೈಯನ್ನು ಒಂದಕ್ಕೊಂದು ಸೇರಿಸಿ, ಅತ್ತಿಗೆಯ ಆಚೆ ಬದಿಗೆ ಹೋಗಿ ನಿಂತರೆ ಮುಂದಿನವರಿಗೆ ಸೀನು ಬರುತ್ತದೆ. ಆದರೆ ಹಿಂದಿನಿಂದ ಓದಿದರೆ ಸರಿಯಾಗಿ ಟೀ. ಹಾಗಾದರೆ ಊರನ್ನೇ ಕಟ್ಟೆಯ ಹಿಂದೆ ಕೂರಿಸಿದರಾಯಿತು. ಅವಳು ನಡುವಿನ ಕೊಡೆಯನ್ನು ಎಡಕ್ಕೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎಡಕ್ಕೆ, ಎಡಕ್ಕೆ ಎಂದು ಬಾಯಿಪಾಠ ಮಾಡಿಕೊಂಡಳು.

“ನಾನು ಎಲ್ಲಿ ಕೂರಲಿ?” ಎಂದ ಕೊಡೆಯವನು. ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು.

“ನೀವೂ ಹಿಂದೆ ಕೂತುಕೊಳ್ಳಿ. ಇಲ್ಲದಿದ್ದರೆ ಟೀ ಸಿಗಲ್ಲ.”

“ಹಿಂದಿನಿಂದ ನಿಮ್ಮ ಮುಖ ಕಾಣಲ್ಲ” ಎಂದು ಅವನು ಅಂಟಿನ ಬಟ್ಟಲಿಗೆ ಮುಖ ಬಗ್ಗಿಸಿದ.

ಯಜಮಾನರು ಟೀ ಎಂಬ ಒಂದು ಮಾತಿಗೆ ಏನನ್ನೂ ಒಪ್ಪುವ ಸ್ಥಿತಿಯಲ್ಲಿದ್ದರು. ಮಾರನೆಯ ಮಧ್ಯಾಹ್ನ ಊರೆಲ್ಲ ಸದ್ದಿಲ್ಲದೆ ಕಟ್ಟೆಯ ಹಿಂದೆ ಎಲೆ ಹಾಸಿ, ಪಕ್ಕದಲ್ಲಿ ಲೋಟ ಇಟ್ಟುಕೊಂಡು ಕೂತಿತು. ಅಣ್ಣ ಅತ್ತಿಗೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ಆಕಾಶ ನೋಡುತ್ತಿದ್ದರಿಂದ ಮುಂದಿನ ಅಂಗಳ ಖಾಲಿಯಿದ್ದದ್ದು ಅವರಿಗೆ ಕಾಣಲಿಲ್ಲ. ಇನ್ನೇನು ಕೈ ಹಿಡಿಯಬೇಕು ಅನ್ನುವಾಗ ನಾದಿನಿ ಇಬ್ಬರ ಕೈಯನ್ನೂ ಎಳೆದು ಒಂದರ ಮೇಲೊಂದು ಒತ್ತಿದಳು, ಬಗ್ಗಿ ನುಸುಳಿದಳು, ಬಾಯಿಪಾಠದಂತೆ ಎಡಕ್ಕೆ ಹಾರಿ ನಿಂತಳು.

ಕೊಡೆಗಳ ಎದುರು ಕೂತಾಗ ಎಡಕ್ಕಿದ್ದದ್ದು ಅತ್ತಿಗೆಯ ಬದಿ. ಕೊಡೆಗಳ ಜಾಗದಲ್ಲಿ ತಾನೇ ನಿಂತಾಗ ಎಡಕ್ಕಿದ್ದದ್ದು ಅಣ್ಣನ ಬದಿ. ಇದು ಅವಳಿಗೆ ಹೊಳೆದದ್ದು ಅಣ್ಣನ ಪಕ್ಕಕ್ಕೆ ಬಂದು ಅವನ ಕೈ ಹಿಡಿದ ಮೇಲೆ. ಹಿಂದೆ ಕೂತ ಊರಿಗೆ ಈಗ ಮೊದಲು ಎ ಕಾಣುತ್ತಿತ್ತು, ಆಮೇಲೆ ಟಿ, ಆಮೇಲೆ ಇ. ಊರು ಒಂದೇ ಕೊರಳಿನಲ್ಲಿ ಓದಿತು: ಏಟ್.

ಎಲೆಯ ಮೇಲೆ ಏನೂ ಇಳಿಯಲಿಲ್ಲ. ಆದರೆ ಎಲೆಗಳು ಎಂಜಲಾಗಿದ್ದವು, ಅಂಚಿನಲ್ಲಿ ಜಗಿದ ಕರಿಬೇವು ಬಿದ್ದಿತ್ತು. ಊರಿಗೆ ಊರೇ ಒಟ್ಟಿಗೆ ತೇಗಿ, ಎದ್ದು ಕೈ ತೊಳೆದುಕೊಂಡಿತು. ಎದುರಿನ ಜಗಲಿಯಿಂದ ಒಂದೇ ಒಂದು ಸೀನು ಕೇಳಿಸಿತು. ಕೊಡೆಯವನು ಹಿಂದೆ ಹೋಗಿರಲಿಲ್ಲ.

ಅಜ್ಜಂದಿರು ನಿದ್ದೆಯಲ್ಲಿ ನುಂಗಿದ್ದ ಭಾಗ ಈಗ ಊರಿಗೆ ಗೊತ್ತಾಯಿತು. ಆ ಪದ ಊಟವೊಂದನ್ನೇ ಮುಗಿಸಿ ಬಿಡುವಂಥದ್ದಲ್ಲ. ಏಟು ಬಿದ್ದವರಿಗೆ ಎಲ್ಲವೂ ಆಗಿಹೋಗಿತ್ತು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಕೆರೆದು, ಆಯ್ತಲ್ಲ ಎಂದು ಕತ್ತಿ ಒರೆಸಿದ. ಗಿರಾಕಿಯೂ ಆಯ್ತು ಎಂದು ಅರ್ಧ ಗಡ್ಡದಲ್ಲಿ ಮನೆಗೆ ಹೋದ. ಮುಂದಿನ ವಾರ ಮದುವೆಯಾಗಬೇಕಿದ್ದ ಹುಡುಗಿ, ನಮ್ಮ ಮದುವೆಯಾಗಿ ಎಷ್ಟೋ ಕಾಲವಾಯಿತು ಎಂದು ಗಂಡಿನ ಮೇಲೆ ಆಗಲೇ ಬೇಸರಪಟ್ಟುಕೊಂಡಳು. ತಲೆತಲಾಂತರದಿಂದ ಬೇಲಿಗಾಗಿ ಹೊಡೆದಾಡುತ್ತಿದ್ದ ಎರಡು ಮನೆಯವರು, ಅದೆಲ್ಲ ಮುಗಿದ ಕಥೆ ಎಂದು ಒಂದೇ ಮರದಡಿ ಮಲಗಿದರು. ಯಜಮಾನರು ತಮ್ಮ ಕನ್ನಡಿಗೆ ತಾವೇ ಹಾರ ಹಾಕಿ, ಒಳ್ಳೆಯ ಮನುಷ್ಯ ಇದ್ದರು ಪಾಪ, ಎಂದು ಕೈಮುಗಿದರು.

ಮೊದಮೊದಲು ನಾದಿನಿಗೆ ನಗು ಬಂತು. ಮಾರನೆಯ ದಿನ ನಗು ನಿಂತಿತು. ಮೂವರೂ ಕಟ್ಟೆ ಹತ್ತಿ ಊಟದ ಪದವಾಗಿ ನಿಂತರು. ಯಾರೂ ಎಲೆ ಹಾಸಲಿಲ್ಲ, ಕತ್ತೆತ್ತಿ ಓದಲಿಲ್ಲ. ಅದನ್ನು ನೋಡಿಯಾಯ್ತಲ್ಲ, ಊಟ ಆಯ್ತಲ್ಲ ಎಂದರು. ಏಟು ಬೀಳದ ಕೊಡೆಯವನೊಬ್ಬ ಓದಿದ, ಆದರೆ ಒಬ್ಬನ ಓದಿಗೆ ಸೀನು ಬಂದೀತು, ಊಟ ಬಾರದು. ಅಕ್ಷರ ಹೊತ್ತವರ ಹೊಟ್ಟೆಗೂ ಏನೂ ಸಿಗಲಿಲ್ಲ. ದಿನ ಕಳೆದಂತೆ ಊರಿನವರ ಕೆನ್ನೆ ಒಳಗೆ ಹೋದವು, ಪಕ್ಕೆಲುಬು ಹೊರಗೆ ಬಂದವು. ಆದರೂ ಎಲ್ಲರ ಮುಖದಲ್ಲಿ ಹಬ್ಬದೂಟ ಮುಗಿಸಿದ ತೃಪ್ತಿ. ಓದಲು ಬಾರದ ಕೂಸುಗಳು ಮಾತ್ರ ಹಸಿದು ಅಳುತ್ತಿದ್ದವು. ತಾಯಂದಿರು ಅವನ್ನು ತಟ್ಟುತ್ತ, ಕುಡಿಸಿ ಆಯ್ತಲ್ಲ ಚಿನ್ನ, ಕುಡಿಸಿ ಆಯ್ತಲ್ಲ, ಎನ್ನುತ್ತಿದ್ದರು.

ಆ ಅಳು ನಾದಿನಿಯ ಕಿವಿಯಿಂದ ಹೋಗಲಿಲ್ಲ. ತಾನು ಎಡಕ್ಕೆ ಹಾರಿದ್ದೇ ಇದಕ್ಕೆಲ್ಲ ಕಾರಣ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು, ಏನಾದರೂ ಮಾಡೋಣ, ಮೂವರೂ ಕೂತು ಯೋಚಿಸೋಣ ಎಂದು ಬೇಡಿಕೊಂಡಳು. ಅಣ್ಣ ಗೋಡೆ ನೋಡುತ್ತ, ಇದಕ್ಕೆಲ್ಲ ಮೂಲ ಯಾರ ನಗು ಅಂತ ನಿನ್ನ ಅತ್ತಿಗೆಯನ್ನೇ ಕೇಳು ಎಂದ. ಅತ್ತಿಗೆ ಇನ್ನೊಂದು ಗೋಡೆ ನೋಡುತ್ತ, ಬಾಲ ಅಂದವರು ಯಾರು ಅಂತ ನಿಮ್ಮಣ್ಣನನ್ನು ಕೇಳು ಎಂದಳು. ಆಮೇಲೆ ಇಬ್ಬರೂ, ತಮ್ಮ ಮಾತನ್ನು ಅವಳು ದಾಟಿಸಲಿ ಎಂದು ಕಾದರು.

ನಾದಿನಿ ದಾಟಿಸಲಿಲ್ಲ.

“ಇನ್ನು ಮೇಲೆ ನಿಮ್ಮ ಮಾತು ನೀವೇ ಹೊರಿ” ಎಂದಳು. “ನನಗೆ ಸಾಕಾಯ್ತು. ಈ ಕಬ್ಬಿಣವನ್ನು ಕಟ್ಟೆಯ ಮೇಲಿಟ್ಟು ಎಲ್ಲಿಗಾದರೂ ಹೋಗ್ತೀನಿ.”

ಅವಳು ಸಿಂಬಿ ಇಟ್ಟುಕೊಂಡು, ಅಕ್ಷರ ಹೊತ್ತು, ಹಾಡಹಗಲಿನಲ್ಲಿ ಒಬ್ಬಳೇ ನಡೆದಳು. ಕಟ್ಟೆಯ ಸುತ್ತ ಊರು ಊಟವಾದವರ ಹಾಗೆ ಬಿದ್ದುಕೊಂಡಿತ್ತು. ಅವಳು ಮೆಟ್ಟಿಲು ಹತ್ತಿ ನಡುವೆ ಬಂದು, ಪಟ್ಟಿ ಬಿಚ್ಚಲು ಕೈ ಎತ್ತಬೇಕು ಅನ್ನುವಾಗ ಒಂದು ಕ್ಷಣ ನಿಂತಳು. ಬಲಗೈ ಖಾಲಿಯಿತ್ತು. ಎಡಗೈಯೂ ಖಾಲಿಯಿತ್ತು. ಆ ಕಟ್ಟೆಯ ಮೇಲೆ ಅವಳ ಎರಡು ಕೈಗಳು ಒಂದನ್ನೊಂದು ಕಂಡದ್ದು ಅದೇ ಮೊದಲು. ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬಹಳ ದಿನದಿಂದ ತುರಿಸುತ್ತಿದ್ದ ಮೂಗನ್ನು ಸಾವಕಾಶವಾಗಿ ತುರಿಸಿಕೊಂಡಳು.

ಮೂವರು ನಿಂತಾಗ ಕತ್ತೆತ್ತದಿದ್ದ ಜನ ಈಗ ಒಬ್ಬೊಬ್ಬರಾಗಿ ಕತ್ತೆತ್ತಿದರು. ಮೂವರು ನಿಂತದ್ದನ್ನು ಅವರು ನೋಡಿಯಾಗಿತ್ತು. ಟಿ ಒಂದೇ ನಿಂತದ್ದನ್ನೂ ನೋಡಿಯಾಗಿತ್ತು. ಎ ಒಂದೇ ನಿಂತದ್ದನ್ನು ಮಾತ್ರ ಯಾರೂ ಎಂದೂ ನೋಡಿರಲಿಲ್ಲ. ನೋಡಿಲ್ಲದ್ದನ್ನು ಆಯ್ತು ಎನ್ನುವುದು ಹೇಗೆ? ಊರು ಓದಿತು: ಎ.

ಸೀನು ಬರಲಿಲ್ಲ. ಟಿಯ ಹಾಗಲ್ಲ, ಎ ಒಂಟಿಯಾಗಿ ನಿಂತರೂ ಇಂಗ್ಲಿಷಿನಲ್ಲಿ ಅರ್ಥವಿರುವ ಪದವೇ. ಬದಲಿಗೆ ಪ್ರತಿಯೊಬ್ಬರ ಬಾಯಿಯೂ ತಾನಾಗಿ ತೆರೆದು, ಒಂದು, ಎಂದಿತು. ಅಷ್ಟಕ್ಕೇ ನಿಂತಿತು.

ಒಂದು ಏನು? ಯಾರಿಗೂ ತಿಳಿಯಲಿಲ್ಲ. ಮಾತು ಅರ್ಧದಲ್ಲಿ ನಿಂತುಬಿಟ್ಟಿತ್ತು. ಉಳಿದರ್ಧ ಎಲ್ಲೋ ಇದೆ, ಇನ್ನೇನು ಬರುತ್ತದೆ ಎಂಬಂತೆ ಎಲ್ಲರೂ ಮುಂದಕ್ಕೆ ಬಾಗಿದರು. ಎಲ್ಲವೂ ಮುಗಿದುಹೋಗಿದ್ದ ಊರಿನಲ್ಲಿ ಮುಗಿಯದ್ದೊಂದು ಸಿಕ್ಕಿತ್ತು. ಒಂದು, ಎಂದುಕೊಂಡು ಒಬ್ಬ ತಾಯಿ ತೊಡೆಯ ಮೇಲಿನ ಕೂಸನ್ನು ನೋಡಿದಳು, ಬೆಚ್ಚಿಬಿದ್ದು ಸೆರಗು ಸರಿಸಿ ಮೊಲೆಗೆ ಹಚ್ಚಿದಳು. ಒಂದು, ಎಂದು ಗಿರಾಕಿ ತನ್ನ ಕೆನ್ನೆ ಮುಟ್ಟಿಕೊಂಡು ಕ್ಷೌರದವನನ್ನು ಹುಡುಕಿಕೊಂಡು ಓಡಿದ. ಮದುಮಗಳು ನಾಚಿಕೊಂಡಳು. ಬೇಲಿಯವರು ಮರದಡಿಯಿಂದ ಎದ್ದು ಒಬ್ಬರನ್ನೊಬ್ಬರು ದುರುಗುಟ್ಟಿದರು. ಯಜಮಾನರು ಕನ್ನಡಿಯ ಹಾರವನ್ನು ತೆಗೆದು, ಯಾರಾದರೂ ನೋಡಿದರೇ ಎಂದು ಅತ್ತಿತ್ತ ಕಣ್ಣಾಡಿಸಿದರು. ಆಮೇಲೆ ಹೊಟ್ಟೆಗಳ ಸರದಿ. ಇಷ್ಟು ದಿನದ ಹಸಿವು ಒಟ್ಟಿಗೆ ಎದ್ದು, ತಮಟೆಯ ಸದ್ದಿನಂತೆ ಗುಡುಗಿತು.

ಈಗ ಊರು ಎದ್ದು ಕಟ್ಟೆಯನ್ನು ಮುತ್ತಿತು. ಎಲೆಗಳು ಬಂದವು. ಇಳಿಯಬೇಡ, ನಡುವೆ ನಿಲ್ಲು, ಅವರಿಬ್ಬರನ್ನೂ ಎತ್ತಿಕೊಂಡಾದರೂ ತರುತ್ತೇವೆ ಎಂದು ಯಜಮಾನರು ಗೋಗರೆದರು.

“ನಡುವೆ ನಿಲ್ಲಲ್ಲ ಯಜಮಾನರೇ” ಎಂದಳು ನಾದಿನಿ. “ಬದಿಯಲ್ಲಿ ಬೇಕಾದರೆ ನಿಲ್ತೀನಿ. ಟೀಗೆ ನಿಲ್ತೀನಿ. ಊಟಕ್ಕೆ ಇನ್ನು ಮೇಲೆ ಇಲ್ಲ.”

ಗದ್ದಲ ಕೇಳಿ ಅಣ್ಣ ಅತ್ತಿಗೆ ತಮ್ಮ ತಮ್ಮ ಅಕ್ಷರ ಹೊತ್ತು ಬಂದರು. ಬೇರೆ ಬೇರೆ ಓಣಿಯಿಂದ ಬಂದರೂ ಕಟ್ಟೆಯ ಮೆಟ್ಟಿಲಿನಲ್ಲಿ ಇಬ್ಬರೂ ಒಂದೇ ಸಲಕ್ಕೆ ಎದುರಾದರು. ನಡುವೆ ಯಾರೂ ಇರಲಿಲ್ಲ. ಅಣ್ಣ ನಾದಿನಿಯ ಕಡೆ ನೋಡಿದ, ಅವಳು ಬೇಕೆಂದೇ ಆಕಾಶ ನೋಡುತ್ತಿದ್ದಳು. ಹಸಿವಿನಿಂದ ಅವನ ಮೀಸೆ ಜೋತುಬಿದ್ದಿತ್ತು. ಕಡೆಗೆ ಅವನೇ, ಮೆಟ್ಟಿಲನ್ನು ನೋಡುತ್ತ, ಮಾತು ತೆಗೆದ.

“ಅವತ್ತು ಅಷ್ಟು ಜನರ ಮುಂದೆ ಯಾಕೆ ನಕ್ಕೆ?”

ಅತ್ತಿಗೆ ಅವನ ಮೂಗನ್ನು ನೋಡಿದಳು. “ನಿಮ್ಮ ಮೂಗಿನ ಮೇಲೆ ನೊಣ ಕೂತಿತ್ತು” ಎಂದಳು. “ಊರೆಲ್ಲ ಸೀನಿದರೂ ಅದು ಏಳಲಿಲ್ಲ. ಎದೆ ಉಬ್ಬಿಸಿಕೊಂಡು ನಿಂತಿದ್ದಿರಲ್ಲ, ನಿಮಗೆ ಗೊತ್ತೇ ಆಗಲಿಲ್ಲ.”

“ನೊಣಕ್ಕಾ ನಕ್ಕಿದ್ದು?”

“ಮತ್ತಿನ್ನೇನಕ್ಕೆ?”

“ನನ್ನ ಅಕ್ಷರಕ್ಕೆ ಅಂದುಕೊಂಡೆ.”

“ನಿಮ್ಮ ಅಕ್ಷರದ ಪಕ್ಕ ನಿಂತು ನನ್ನ ಅರ್ಧ ಆಯುಸ್ಸು ಕಳೆದಿದೆ. ಅದಕ್ಕೆ ನಗಬೇಕಿದ್ದರೆ ಮದುವೆ ದಿನವೇ ನಗ್ತಿದ್ದೆ.”

ಅಣ್ಣ ತನಗರಿಯದೆ ಮೂಗು ಒರೆಸಿಕೊಂಡ. ಅತ್ತಿಗೆಗೆ ಮತ್ತೆ ನಗು ಬಂತು. ಈ ಸಲ ಅವನಿಗೂ ಬಂತು. ಬಾಲ ಅಂದದ್ದು ತಪ್ಪಾಯ್ತು ಎಂದು ಅವನು ಆ ನಗುವಿನ ಸಂದಿಯಲ್ಲೇ ಎಲ್ಲೋ ಅಂದ. ಊರಿನ ಹೊಟ್ಟೆಗಳ ಸದ್ದಿನಲ್ಲಿ ಅದು ಅತ್ತಿಗೆಯೊಬ್ಬಳಿಗೇ ಕೇಳಿಸಿತು.

ಟಿ ಮೊದಲು ನಿಂತ. ಇ ಅವನ ಕೈ ಹಿಡಿದಳು. ಎ ಕೊನೆಗೆ ಬಂದು ಅತ್ತಿಗೆಯ ಇನ್ನೊಂದು ಕೈ ಹಿಡಿದಳು. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಎಲೆಗಳ ಮುಂದೆ, ಊರು ಬರಿಹೊಟ್ಟೆಗೆ ಟೀ ಕುಡಿಯಿತು. ಲೋಟ ಇಲ್ಲದವರು ಬೊಗಸೆ ಒಡ್ಡಿದರು. ಬೆರಳು ಸುಟ್ಟುಕೊಂಡರೂ ಯಾರೂ ಚೆಲ್ಲಲಿಲ್ಲ. ಟೀ ಮುಗಿದ ಮೇಲೆ ಎಲ್ಲರೂ ನಾದಿನಿಯನ್ನು ನೋಡಿದರು. ಅವಳು ನಡುವಿಗೆ ಹೋಗಲಿಲ್ಲ. ಅಣ್ಣ ಬಾಯಿ ತೆರೆದ. ಅತ್ತಿಗೆ ಅವನ ಕೈ ಒತ್ತಿದಳು, ಅವನು ಬಾಯಿ ಮುಚ್ಚಿದ.

ಆಮೇಲಿನ ದಿನಗಳು ಊರಿಗೆ ಕಷ್ಟದವು. ಹಕ್ಕಿಗೆ ಎರಚುವುದಕ್ಕೂ ಮದುವೆಯ ಅಕ್ಷತೆಗೂ ಬೆಳೆಯುತ್ತಿದ್ದ ಅಕ್ಕಿಯನ್ನು ಕೆಲವರು ಹಾಗೇ ಅಗಿದರು. ಕೆಲವರು ನೆನೆಸಿ ಅಗಿದರು. ಕಾಡಿನಿಂದ ಹಣ್ಣು ತಂದರು, ಹೊಟ್ಟೆ ಕೆಡಿಸಿಕೊಂಡರು. ಯಜಮಾನರ ಮನೆಯಲ್ಲಿ ಯಾರೋ ಚಳಿ ಕಾಯಿಸುವ ಬೆಂಕಿಯ ಪಕ್ಕ ನೀರಿನ ಪಾತ್ರೆಯಲ್ಲಿ ಅಕ್ಕಿ ಮರೆತುಬಂದು, ಬೆಳಿಗ್ಗೆ ಅದು ಉಬ್ಬಿದ್ದು ಕಂಡು ಹೆದರಿ ಕೂಗಿಕೊಂಡರು. ಮುಟ್ಟಿ ನೋಡಿದವರು ಸುಮ್ಮನಾದರು, ನೆಕ್ಕಿ ನೋಡಿದವರು ಪಾತ್ರೆ ಬಿಡಲಿಲ್ಲ. ಹೀಗೆ ಅನ್ನಕ್ಕೂ ಬೆಂಕಿಗೂ ಏನು ಸಂಬಂಧವೆಂದು ತಿಳಿಯಿತು. ಒಬ್ಬೊಬ್ಬರ ಮನೆಯ ಮಾಡಿನಿಂದ ಒಂದೊಂದು ಬಗೆಯ ಹೊಗೆ ಎದ್ದಿತು. ಒಬ್ಬರಿಗೆ ಮೆತ್ತಗೆ ಬೇಕು, ಒಬ್ಬರಿಗೆ ಗಟ್ಟಿ, ಒಬ್ಬರಿಗೆ ಉಪ್ಪು ಮುಂದು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಸಾಲಿನಲ್ಲಿ ಕೂತು ಒಂದೇ ಸಾರು ತಿನ್ನುವುದು ಅಲ್ಲಿಗೆ ತಪ್ಪಿತು. ಅದನ್ನು ನೆನೆದು ಹಳಹಳಿಸುವವರೂ ಇದ್ದರು. ಟೀಗೆ ಮಾತ್ರ ಸಂಜೆ ಎಲ್ಲರೂ ಕಟ್ಟೆಯ ಮುಂದೆ ಸೇರುತ್ತಿದ್ದರು.

ಅಂಥದ್ದೊಂದು ಸಂಜೆ, ಟೀ ಮುಗಿದ ಮೇಲೆ, ನಾದಿನಿ ಅಕ್ಷರವನ್ನು ತಲೆಯಿಂದಿಳಿಸಿ ಅತ್ತಿಗೆಯ ಕೈಗೆ ಕೊಟ್ಟು, ನಾಳೆ ಬರ್ತೀನಿ ಎಂದು ಅಂಗಳ ದಾಟಿದಳು. ಕೊಡೆಯವನ ಜಗಲಿಯ ಕೆಳಗೆ ಮೂರು ಕಲ್ಲು ಹೂಡಿತ್ತು. ಮುರಿದ ಕೊಡೆಗಳ ಹಿಡಿಗಳು ಉರಿಯುತ್ತಿದ್ದವು. ಕಲ್ಲುಗಳ ಮೇಲೆ ಮಾಡಿನಿಂದ ಇಳಿಸಿದ ಒಂದು ಹೆಂಚು, ಹೆಂಚಿನ ಮೇಲೆ ಅಂಟಿಗೆಂದು ಕಲಸಿದ್ದ ರಾಗಿ ಹಿಟ್ಟು. ಅವನು ಕೊಡೆಯ ಕಡ್ಡಿಯಿಂದ ಅದನ್ನು ಮಗುಚಲು ಹೆಣಗಾಡುತ್ತಿದ್ದ. ಮಗುಚಿದಾಗ ಒಂದು ಬದಿ ಇದ್ದಲಿನ ಹಾಗೆ ಕಪ್ಪಗಿತ್ತು, ಇನ್ನೊಂದು ಬದಿ ಹಸಿ. ದುಂಡಗೂ ಇರಲಿಲ್ಲ, ಚೌಕವೂ ಅಲ್ಲ. ಅವನು ಅದನ್ನು ಎಲೆಯ ಮೇಲೆ ಹಾಕಿ ಅವಳ ಮುಂದಿಟ್ಟ. ಅವಳು ಕೂತು ಎಲ್ಲ ಕಡೆಯಿಂದಲೂ ನೋಡಿದಳು.

“ಏನಿದು?”

“ಇದು ಒಂದು...” ಎಂದ ಅವನು. ಹೆಸರು ಹೊಳೆಯಲಿಲ್ಲ. ಹೊಗೆಗೆ ಕಣ್ಣುಜ್ಜಿಕೊಂಡು ಮತ್ತೆ, “ಒಂದು...” ಎಂದ.

ಅವಳು ಅಷ್ಟು ಸಾಕೆಂಬಂತೆ ಎರಡೂ ಕೈಯಲ್ಲಿ ಮುರಿದು ದೊಡ್ಡ ತುಂಡನ್ನು ಬಾಯಿಗಿಟ್ಟುಕೊಂಡಳು.